ರೂಟರ್ ಪದೇ ಪದೇ ನಿಂತುಹೋದರೆ ಮೊದಲು ಯಾರ ಮೇಲೆ ಅನುಮಾನ?

ಅಟ್ಟದ ಮೇಲೋ ಮಂಚದ ಕೆಳಗೋ ಹಳೇ ಡೆಸ್ಕ್‌ಟಾಪ್ ಒಂದು ಧೂಳು ಹಿಡಿದು ಕೂತಿರುವ ಮನೆಗಳು ತುಂಬಾ ಇವೆ. ಅದಕ್ಕೆ ಇನ್ನೊಂದು ಲ್ಯಾನ್ ಕಾರ್ಡ್ ಸಿಕ್ಕಿಸಿ ಲಿನಕ್ಸ್ ಹಾಕಿದರೆ ಒಳ್ಳೆಯ ಫೈರ್‌ವಾಲ್ ರೂಟರ್ ಆಗುತ್ತದೆ. ಒಂದು ಪೋರ್ಟಿಗೆ ಹೊರಗಿನಿಂದ ಬರುವ ಇಂಟರ್‌ನೆಟ್ ಕೇಬಲ್, ಇನ್ನೊಂದಕ್ಕೆ ಮನೆಯ ವೈಫೈ. ನಡುವೆ ಲಿನಕ್ಸು ಜಗಲಿಯಲ್ಲಿ ಕೂತ ಅಜ್ಜನ ಹಾಗೆ, ಬಂದವರನ್ನೆಲ್ಲ ‘ಯಾರು, ಯಾಕೆ ಬಂದ್ರಿ’ ಅಂತ ವಿಚಾರಿಸಿಯೇ ಒಳಗೆ ಬಿಡುತ್ತದೆ. ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. 2001ರಲ್ಲಿ ಬಂದ ಲಿನಕ್ಸ್ ಕರ್ನಲ್ 2.4ರ ಜೊತೆಗೇ ‘ಐಪಿಟೇಬಲ್ಸ್’ ಬಂತು, 2014ರ 3.13ರಲ್ಲಿ ಅದರ ಉತ್ತರಾಧಿಕಾರಿ ‘ಎನ್ಎಫ್‌ಟೇಬಲ್ಸ್’ ಸೇರಿತು.

ತೊಂದರೆ ಶುರುವಾಗೋದು ಆಮೇಲೆ. ಎರಡು ದಿನ ಚೆನ್ನಾಗಿ ಓಡಿದ ಯಂತ್ರ ಮೂರನೇ ದಿನ ಇದ್ದಕ್ಕಿದ್ದಂತೆ ಗಪ್‌ಚುಪ್. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತೆ, ಮತ್ತೆ ನಿಲ್ಲುತ್ತೆ. ಆಗ ಎಲ್ಲರೂ ಮೊದಲು ಬೈಯೋದು ಲಿನಕ್ಸನ್ನು, ಆಮೇಲೆ ಫೈರ್‌ವಾಲನ್ನು. ನನ್ನ ಅನುಭವದಲ್ಲಿ ಹಳೇ ಯಂತ್ರದ ವಿಷಯದಲ್ಲಿ ಇವೆರಡನ್ನೂ ಕೊನೆಗೆ ಅನುಮಾನಿಸಬೇಕು.

ಹಾಸನದಲ್ಲಿ ನನ್ನ ಅಕ್ಕ ಸಂಜೆ ಆರರಿಂದ ಎಂಟರವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡ್ತಾಳೆ. ಅವಳ ಮನೆಯ ಹಳೇ ಕಂಪ್ಯೂಟರನ್ನೇ ಹೀಗೆ ರೂಟರ್ ಮಾಡಿಕೊಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು: “ಲೋ, ಪಾಠದ ಮಧ್ಯದಲ್ಲೇ ಸಾಯುತ್ತೆ ಕಣೋ ಇದು. ಪರೀಕ್ಷೆಗೆ ಒಂದು ತಿಂಗಳಿದೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ನಾನೇನು ಹೇಳಲಿ?” ಹಿಂದಿನಿಂದ ಭಾವನ ದನಿ: “ಆ ಫೈರ್‌ವಾಲ್ ತೆಗೆದು ನೋಡಪ್ಪಾ, ಅದೇ ಇರ್ಬೇಕು.”

ಪರೀಕ್ಷೆಗೆ ಅಂತಲೂ ಫೈರ್‌ವಾಲ್ ತೆಗೆಯಬೇಡಿ. ಇಂಟರ್‌ನೆಟ್‌ಗೆ ನೇರವಾಗಿ ತೆರೆದುಕೊಂಡ ಯಂತ್ರದ ಬಾಗಿಲನ್ನು ಹೊರಗಿನವರು ತಟ್ಟಿ ನೋಡೋದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಅಲ್ಲದೆ, ತಪ್ಪು ರೂಲ್ ಬರೆದರೆ ನೆಟ್ ಹೋಗಬಹುದೇ ಹೊರತು ಸಾಮಾನ್ಯವಾಗಿ ಇಡೀ ಯಂತ್ರ ಮರಗಟ್ಟುವುದಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಇದು: ನಿಂತದ್ದು ನೆಟ್ಟೋ, ಯಂತ್ರವೋ? ಕೀಬೋರ್ಡ್‌ನಲ್ಲಿ ನಮ್‌ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಯಂತ್ರಕ್ಕೆ ಜೀವ ಇದೆ, ತಪ್ಪು ನೆಟ್‌ವರ್ಕಿನ ಕಡೆ ಹುಡುಕಿ. ಉದಾಹರಣೆಗೆ, ಲಿನಕ್ಸು ಪ್ರತಿ ಸಂಪರ್ಕವನ್ನೂ ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತೆ. ಪಟ್ಟಿ ತುಂಬಿದರೆ ಹೊಸ ಸಂಪರ್ಕಗಳನ್ನು ಕೈಬಿಡುತ್ತೆ. ನೋಡುವವರಿಗೆ ಕ್ರ್ಯಾಶ್ ಆದಂತೆಯೇ ಕಾಣುತ್ತೆ, ಆದರೆ ಲಾಗ್‌ನಲ್ಲಿ ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಅಂತ ಬರೆದಿರುತ್ತೆ. ಪಟ್ಟಿಯ ಮಿತಿ ಹೆಚ್ಚಿಸಿದರೆ ಸಾಕು. ನಮ್‌ಲಾಕ್ ದೀಪ ಅಲುಗಾಡದೇ ಇದ್ದರೆ, ಅಥವಾ ಹಳೇ ದುಂಡು ಪಿನ್ನಿನ ಕೀಬೋರ್ಡ್‌ನಲ್ಲಿ ಕ್ಯಾಪ್ಸ್‌ಲಾಕ್ ದೀಪ ತಾನಾಗೇ ಮಿಣುಕುತ್ತಿದ್ದರೆ, ಕರ್ನಲ್ಲೇ ಕೈಚೆಲ್ಲಿದೆ ಅಂತ ತಿಳೀರಿ. ಅಕ್ಕನ ಮನೆಯಲ್ಲಿ ದೀಪ ಅಲುಗಲಿಲ್ಲ.

ಎರಡನೇ ಪ್ರಶ್ನೆ: ಸಾಯುವ ಮುಂಚೆ ಏನು ಹೇಳಿತು? ಇಲ್ಲೊಂದು ಸಂಕಟವಿದೆ. ಯಂತ್ರ ದಿಢೀರನೆ ನಿಂತಾಗ ಕೊನೆಯ ಸಾಲುಗಳು ಡಿಸ್ಕ್ ಮುಟ್ಟಿರುವುದೇ ಇಲ್ಲ. ಮತ್ತೆ ಆನ್ ಮಾಡಿ ಲಾಗ್ ನೋಡಿದರೆ ಏನೂ ಆಗಿಲ್ಲವೆಂಬಂತೆ ಖಾಲಿ. ಇದಕ್ಕೆ ಲಿನಕ್ಸಿನಲ್ಲೇ ‘ನೆಟ್‌ಕನ್ಸೋಲ್’ ಅನ್ನೋ ಉಪಾಯ ಇದೆ. ಕರ್ನಲ್ ತನ್ನ ಮಾತುಗಳನ್ನು ಡಿಸ್ಕಿಗೆ ಕಾಯದೆ ಅದೇ ಕ್ಷಣ ಲ್ಯಾನ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸಿಬಿಡುತ್ತೆ. ಭಾವನ ಲ್ಯಾಪ್‌ಟಾಪಿನಲ್ಲಿ ಅದನ್ನು ಹಿಡಿದಿಡುವ ವ್ಯವಸ್ಥೆ ಮಾಡಿದೆ.

ಮೂರು ಸಂಜೆ, ಮೂರು ಕ್ರ್ಯಾಶ್. ಒಂದು ದಿನ ನೆಟ್‌ವರ್ಕ್ ಭಾಗದಲ್ಲಿ, ಇನ್ನೊಂದು ದಿನ ಫೈಲ್‌ಸಿಸ್ಟಮ್‌ನಲ್ಲಿ, ಮತ್ತೊಂದು ದಿನ ಸಂಬಂಧವೇ ಇಲ್ಲದ ಇನ್ನೆಲ್ಲೋ. ಇದೇ ದೊಡ್ಡ ಸುಳಿವು. ಪ್ರತಿ ಸಲ ಒಂದೇ ಜಾಗದಲ್ಲಿ ಎಡವಿದರೆ ಡ್ರೈವರ್ ಅಥವಾ ಕರ್ನಲ್ಲಿನ ದೋಷ ಅನ್ನಬಹುದು. ಆಗ ಕರ್ನಲ್ ಅಪ್‌ಡೇಟ್ ಮಾಡಿ, ಇಲ್ಲವೇ ಬೇರೆ ಕಂಪನಿಯ ಲ್ಯಾನ್ ಕಾರ್ಡ್ ಹಾಕಿ ನೋಡಬೇಕು. ಒಂದೊಂದು ಸಲ ಒಂದೊಂದು ಕಡೆ ಎಡವಿದರೆ ಸಾಫ್ಟ್‌ವೇರ್ ಬಿಟ್ಟು ಕ್ಯಾಬಿನೆಟ್ ಬಿಚ್ಚಬೇಕು.

ಬಿಚ್ಚಿದ ಮೇಲೆ ನೋಡಬೇಕಾದ್ದು ನಾಲ್ಕು. ಪ್ರೊಸೆಸರ್ ಫ್ಯಾನಿನ ಕೆಳಗಿನ ಧೂಳು ಮತ್ತು ಒಣಗಿದ ಥರ್ಮಲ್ ಪೇಸ್ಟ್. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ ಅನ್ನೋದು. ಪವರ್ ಸಪ್ಲೈ, ಅಂದ್ರೆ ಎಸ್‌ಎಂಪಿಎಸ್. ಕೊನೆಗೆ ರ್‍ಯಾಮ್. ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ.

ಅಕ್ಕನ ಕಂಪ್ಯೂಟರಿನಲ್ಲಿ ಧೂಳು ಒರೆಸಿದ ಮೇಲೂ ಕ್ರ್ಯಾಶ್ ನಿಲ್ಲಲಿಲ್ಲ. ಕೆಪಾಸಿಟರ್‌ಗಳು ನೆಟ್ಟಗಿದ್ದವು. ಬೇರೆ ಎಸ್‌ಎಂಪಿಎಸ್ ಹಾಕಿದರೂ ಅದೇ ಕಥೆ. ಆಮೇಲೆ ಪೆನ್‌ಡ್ರೈವ್‌ನಿಂದ ‘ಮೆಮ್‌ಟೆಸ್ಟ್86+’ ಬೂಟ್ ಮಾಡಿ ರಾತ್ರಿಯಿಡೀ ಓಡಿಸಿದೆ. ಇದು ಪುಕ್ಕಟೆ ಸಿಗುತ್ತೆ, ರ್‍ಯಾಮಿನ ಮೂಲೆಮೂಲೆಗೂ ಬರೆದು ಓದಿ ನೋಡುತ್ತೆ. ಬೆಳಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. 2 ಜಿಬಿಯ ಎರಡು ಸ್ಟಿಕ್‌ಗಳಿದ್ದವು. ಒಂದೊಂದನ್ನೇ ಒಂದೇ ಸ್ಲಾಟಿನಲ್ಲಿ ಹಾಕಿ ಪರೀಕ್ಷಿಸಿದಾಗ ಒಂದು ಪಾಸು, ಇನ್ನೊಂದು ಫೇಲು. ಫೇಲಾದದ್ದನ್ನು ಕಿತ್ತು ಪಕ್ಕಕ್ಕಿಟ್ಟೆ. ಮನೆಯ ರೂಟರಿಗೆ 2 ಜಿಬಿ ಧಾರಾಳ. ಆಮೇಲೆ ಪಾಠ ನಿಂತಿಲ್ಲ.

ಸಂಜೆಯೇ ಯಾಕೆ ಸಾಯುತ್ತಿತ್ತು? ಹಗಲು ನೆಟ್ ಬಳಕೆ ಕಡಿಮೆ, ರ್‍ಯಾಮಿನ ಸ್ವಲ್ಪ ಭಾಗವಷ್ಟೇ ಕೆಲಸಕ್ಕೆ ಬೀಳುತ್ತೆ. ಸಂಜೆ ಪಾಠ, ಟಿವಿ, ಎಲ್ಲರ ಫೋನು ಒಟ್ಟಿಗೆ ಶುರುವಾದಾಗ ಬಳಕೆ ಏರಿ ಕೆಟ್ಟ ಜಾಗವನ್ನೂ ಮುಟ್ಟುತ್ತಿತ್ತು ಅಂತ ಕಾಣುತ್ತೆ. ಭಾವ ಆಗ ಹೇಳಿದರು, ಈ ಕಂಪ್ಯೂಟರ್ ಆಗಾಗ ಹ್ಯಾಂಗ್ ಆಗುತ್ತೆ, ವಯಸ್ಸಾಯ್ತು ಅಂತಲೇ ಹಿಂದೆ ಮೂಲೆಗೆ ಹಾಕಿದ್ದರಂತೆ. ಅದಕ್ಕೆ ವಯಸ್ಸು ಕಾರಣ ಆಗಿರಲಿಲ್ಲ, ಬೆರಳುದ್ದದ ಒಂದು ಪಟ್ಟಿ ಕೆಟ್ಟಿತ್ತು. ಯಾರೂ ಬಿಚ್ಚಿ ನೋಡಿರಲಿಲ್ಲ, ಅಷ್ಟೇ.

ಇಂಥ ರೂಟರ್ ಇಡುವವರು ಇನ್ನೆರಡು ಕೆಲಸ ಮಾಡಿಕೊಳ್ಳಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಬಯಾಸ್‌ನಲ್ಲಿರುತ್ತೆ, ಅದನ್ನು ಹಾಕಿಡಿ. ಕರ್ನಲ್ ಕೈಚೆಲ್ಲಿದರೆ 10 ಸೆಕೆಂಡಿನ ನಂತರ ತಾನೇ ರೀಬೂಟ್ ಆಗಲಿ ಅಂತಲೂ ಸೆಟ್ ಮಾಡಬಹುದು. ಆದರೆ ಇದು ಔಷಧಿ ಅಲ್ಲ, ಊರುಗೋಲು ಅಷ್ಟೇ. ಕಾರಣ ಸಿಕ್ಕಿದ ಮೇಲೆ ಹಾಕಿ, ಇಲ್ಲಾಂದ್ರೆ ರೋಗ ಮುಚ್ಚಿಹೋಗುತ್ತೆ. ವಿದ್ಯುತ್ ಲೆಕ್ಕವನ್ನೂ ನೋಡಿ: ಯಂತ್ರ 60 ವ್ಯಾಟ್ ಎಳೆದರೆ ದಿನಕ್ಕೆ 1.44 ಯೂನಿಟ್, ತಿಂಗಳಿಗೆ ಸುಮಾರು 43 ಯೂನಿಟ್. ಅಷ್ಟು ಬೇಡ ಅನ್ನುವವರಿಗೆ ಕಡಿಮೆ ಕರೆಂಟಿನ ಚಿಕ್ಕ ಬೋರ್ಡುಗಳಿವೆ.

ಯಂತ್ರದ ಪಕ್ಕ ಒಂದು ನೋಟ್‌ಬುಕ್ಕೂ ಇರಲಿ. ಯಾವ ದಿನ, ಎಷ್ಟು ಗಂಟೆಗೆ ನಿಂತಿತು, ಏನು ಬದಲಿಸಿದಿರಿ ಅಂತ ಒಂದೊಂದು ಸಾಲು ಬರೆದರೂ ಸಾಕು. ನಾಲ್ಕು ಸಾಲು ಆಗುವಷ್ಟರಲ್ಲಿ ಯಾರನ್ನು ಬೈಯಬೇಕು ಅನ್ನೋದು ಅದರಲ್ಲೇ ಕಾಣಿಸತೊಡಗುತ್ತೆ.