ಪಹಣಿಯ ಕಣಜ

ಆಳಂದ, ಅಫಜಲಪುರ, ಜೇವರ್ಗಿಗಳ ತೊಗರಿ ಬೆಳೆಗಾರನಿಗೆ ಪಹಣಿಯೇ ಹೊಲದ ಸಾಕ್ಷಿ. ಹಿಂದೆ ಅದು ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಬರೆಯುವ ಕೈಯೇ ತಿದ್ದುವ ಕೈಯೂ ಆಗುವುದುಂಟು! 2002ರ ವೇಳೆಗೆ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತ್ತು.

ಸರ್ವೆ ನಂಬರಿನಂತಹ ಒಂದು ಗುರುತನ್ನು ಹಿಡಿದು ಒಡೆತನ, ವಿಸ್ತೀರ್ಣ, ಬೆಳೆಗಳ ಕೋಷ್ಟಕಗಳನ್ನು ಹೆಣೆಯುವ ದತ್ತಸಂಗ್ರಹದ ತತ್ತ್ವವನ್ನು 1970ರಲ್ಲಿ ಎಡ್ಗರ್ ಕಾಡ್ ಅವರು ಮಂಡಿಸಿದರು. ಅಂತಹ ದತ್ತಸಂಗ್ರಹಗಳಲ್ಲೊಂದಾದ ಮೈಕ್ರೋಸಾಫ್ಟ್ ಕಂಪನಿಯ ಎಸ್‌ಕ್ಯೂಎಲ್ ಸರ್ವರ್ ಬಹುಕಾಲ ಅದೇ ಕಂಪನಿಯ ವಿಂಡೋಸ್ ಮೇಲೆ ಮಾತ್ರ ನಡೆಯುತ್ತಿತ್ತು. 2017ರಲ್ಲಿ ಲಿನಕ್ಸ್‌ಗೂ ಬಂದಿತು. ಲಿನಕ್ಸ್‌ನ ಒಳಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಅಂಗಳವೇನೋ ತೆರೆಯಿತು, ಕಣಜದ ಬೀಗ ಮಾತ್ರ ಕಂಪನಿಯ ಕೈಯಲ್ಲೇ ಉಳಿಯಿತು.

ರೈತನ ದಾಖಲೆಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ಮುಕ್ತ ಕಣಜವೇ ಲೇಸು. ಆದರೆ ಅದು ಕೆಟ್ಟಾಗ ಸರಿಪಡಿಸಬಲ್ಲವರನ್ನು ಕಲಬುರಗಿಯಲ್ಲಿಯೇ ತರಬೇತುಗೊಳಿಸಬೇಕಾದೀತು. ಅದಕ್ಕೆ ತಗಲುವ ಹಣವನ್ನು ಸರ್ಕಾರವು ಮೊದಲೇ ತೆಗೆದಿರಿಸಬೇಕು.