ಅರಮನೆಯ ಅತಿಥಿಗಳು ಮತ್ತು ನಾವು

ಬಳ್ಳಾರಿ ಜಿಲ್ಲೆಯ ಸಂಡೂರಿನ ಶಿವವಿಲಾಸ ಅರಮನೆಯು ಘೋರ್ಪಡೆ ಮನೆತನದ ನಿವಾಸವಾಗಿದ್ದು, ಅನಂತರ ಪ್ರವಾಸಿಗರು ತಂಗುವ ಪಾರಂಪರಿಕ ಹೋಟೆಲಾಗಿ ಪರಿವರ್ತನೆಗೊಂಡಿತು. 1971ರಲ್ಲಿ ರಾಜಧನ ರದ್ದಾದ ಬಳಿಕ ಇಂಥ ಕಟ್ಟಡಗಳನ್ನು ಉಳಿಸಿಕೊಳ್ಳಲು ಮನೆತನಗಳಿಗಿದ್ದ ಮಾರ್ಗಗಳು ಕೆಲವೇ. ಆದ್ದರಿಂದ ಇದನ್ನು ಬರಿಯ ವ್ಯಾಪಾರವೆಂದು ಹಳಿಯುವುದು ಸರಿಯಲ್ಲ. ನನ್ನ ಆಕ್ಷೇಪ ಮನೆತನದ ಮೇಲಲ್ಲ, ಕನ್ನಡ ಅಧ್ಯಯನ ವಿಭಾಗಗಳಲ್ಲಿರುವ ನಮ್ಮ ಮೇಲೆ.

ಮರಾಠಾ ಮೂಲದ ಅರಸರು, ಕನ್ನಡ ನುಡಿಯ ಪ್ರಜೆಗಳು, ಮೇಲೆ ಬ್ರಿಟಿಷರ ಅಧಿಕಾರ: 1949ರಲ್ಲಿ ವಿಲೀನವಾಗುವವರೆಗೆ ಈ ಪುಟ್ಟ ಸಂಸ್ಥಾನ ನಡೆದದ್ದು ಹೀಗೆ. ಕಾರಕೂನ, ದಫ್ತರ, ಜಹಗೀರು, ಇನಾಮುಗಳಂಥ ಪದಗಳು ಇಲ್ಲಿನ ಆಡುಮಾತಿನಲ್ಲಿ ನೆಲೆಗೊಂಡ ಬಗೆಯನ್ನು ಅರಿಯಲು, ಅರಮನೆಯ ಅಡುಗೆಮನೆ, ಲಾಯ, ಕಚೇರಿಗಳಲ್ಲಿ ದುಡಿದ ಕುಟುಂಬಗಳ ಮಾತಿಗಿಂತ ಹತ್ತಿರದ ಆಕರ ಯಾವುದು? ಹಂಪಿಯ ಶಾಸನಗಳಿಗೆ ಸಲ್ಲಿಸಿದ ಗಮನದಲ್ಲಿ ನೂರರಲ್ಲೊಂದು ಪಾಲನ್ನೂ ನಾವು ಇವರಿಗೆ ಸಲ್ಲಿಸಿಲ್ಲ.

1932ರಲ್ಲಿ ಯಶವಂತರಾವ್ ಹಿಂದೂರಾವ್ ಘೋರ್ಪಡೆಯವರು ದಲಿತರಿಗೆ ದೇವಾಲಯ ಪ್ರವೇಶವನ್ನು ಮುಕ್ತಗೊಳಿಸಿದರು. ತಿರುವಾಂಕೂರಿನ 1936ರ ಘೋಷಣೆಗಿಂತ ಇದು ನಾಲ್ಕು ವರ್ಷ ಮೊದಲಿನದು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಅತಿಥಿಗಳಿಗೆ ಹೇಳುವ ಕಥನದಲ್ಲಿ ಅರಸರ ಔದಾರ್ಯ ಸಹಜವಾಗಿಯೇ ಮುಂದೆ ನಿಲ್ಲುತ್ತದೆ. ಅಂದು ಗುಡಿಯೊಳಗೆ ಕಾಲಿಟ್ಟ ಕೇರಿಯವರು ಏನನ್ನು ಕಂಡರು, ಮನೆಗೆ ಮರಳಿ ಮಕ್ಕಳಿಗೆ ಏನು ಹೇಳಿದರು ಎಂಬುದನ್ನು ಸಂಗ್ರಹಿಸುವುದು ಹೋಟೆಲಿನ ಕೆಲಸವಲ್ಲ, ಅದು ನಮ್ಮದು. ಅವರ ಮೊಮ್ಮಕ್ಕಳೇ ಈಗ ಮುದುಕರು. ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳ ಕಾಲೇಜುಗಳಿಂದ ಒಂದೇ ಹಗಲಿನಲ್ಲಿ ಹೋಗಿಬರಬಹುದಾದ ಊರಿದು. ಮೊದಲ ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಡಲು ನಾನು ಒಪ್ಪಿದ್ದೇನೆ.