ಪದ ಪರಿಚಯ: ರಿವರ್ಬರೇಟ್

ಗೋಡೆಗೆಸೆದ ಚೆಂಡು ಮರಳಿ ಬರುತ್ತದೆ. ಧ್ವನಿಯೂ ಹಾಗೆಯೇ. ಇದನ್ನು ಹೇಳಲು ಇಂಗ್ಲಿಷ್‌ನಲ್ಲಿ ‘ರಿವರ್ಬರೇಟ್’ ಎಂಬ ಕ್ರಿಯಾಪದವಿದೆ. ‘ಹಿಂದಕ್ಕೆ ಹೊಡೆ’ ಎಂಬರ್ಥದ ಲ್ಯಾಟಿನ್ ಪದವೇ ಇದರ ಮೂಲ. ಕನ್ನಡದಲ್ಲಿ ಮಾರ್ದನಿಗೊಳ್ಳು, ಅನುರಣಿಸು ಎನ್ನಬಹುದು. ಉಚ್ಚರಿಸುವಾಗ ‘ವರ್’ ಎಂಬಲ್ಲಿ ಒತ್ತು ಬೀಳಬೇಕು.

‘ಎಕೋ’ ಮತ್ತು ‘ರಿವರ್ಬರೇಟ್’ ಒಂದೇ ಅಲ್ಲ. ಬೆಟ್ಟದ ಎದುರು ನಿಂತು ಕೂಗಿದರೆ ಸ್ವಲ್ಪ ತಡೆದು ಅದೇ ಕೂಗು ಬೇರೆಯಾಗಿ ಕೇಳಿಸುತ್ತದೆ. ಅದು ಎಕೋ. ಹಾಗೆ ಕೇಳಿಸಬೇಕಾದರೆ ಎದುರಿನ ತಡೆ ಸುಮಾರು 17 ಮೀಟರ್‌ಗಿಂತ ದೂರವಿರಬೇಕು. ಸಾಮಾನು ತುಂಬದ ಹೊಸ ಮನೆಯಲ್ಲಿ ಅಥವಾ ಖಾಲಿ ಶಾದಿ ಮಹಲ್‌ನಲ್ಲಿ ಮಾತನಾಡಿ ನೋಡಿ. ಧ್ವನಿಗಳು ಒಂದರ ಮೇಲೊಂದು ಬೆರೆತು ಗುಂಯ್‌ಗುಟ್ಟುತ್ತವೆ. ಅದು ರಿವರ್ಬರೇಟ್. ಪರದೆ, ಜಮಖಾನ, ಹಾಸಿಗೆಗಳು ಬಂದೊಡನೆ ಅದು ತಗ್ಗುತ್ತದೆ. ಏಕೆಂದರೆ ಮೆತ್ತಗಿನ ವಸ್ತುಗಳು ಧ್ವನಿಯನ್ನು ಹೀರಿಕೊಳ್ಳುತ್ತವೆ.

ಇದನ್ನು ಎರಡು ರೀತಿಯಲ್ಲಿ ಬಳಸಬಹುದು. ಧ್ವನಿಯನ್ನು ಕರ್ತೃವಾಗಿಸಿ ‘ಲಾಫ್ಟರ್ ರಿವರ್ಬರೇಟೆಡ್ ಥ್ರೂ ದ ಹೌಸ್’ ಎನ್ನಬಹುದು. ಸ್ಥಳವನ್ನು ಕರ್ತೃವಾಗಿಸಿದರೆ ‘ವಿತ್’ ಸೇರಿಸಿ: ‘ದ ಹೌಸ್ ರಿವರ್ಬರೇಟೆಡ್ ವಿತ್ ಲಾಫ್ಟರ್.’ ಎರಡರ ಅರ್ಥವೂ ಮನೆ ತುಂಬ ನಗು ಮಾರ್ದನಿಸಿತು ಎಂದೇ. ಕೊನೆಗೆ ‘ಬ್ಯಾಕ್’ ಸೇರಿಸುವ ಅಗತ್ಯವಿಲ್ಲ; ‘ರಿ’ಯಲ್ಲೇ ಆ ಅರ್ಥ ಅಡಗಿದೆ.

ಈ ಪದದ ಅರ್ಥವನ್ನು ಕಿವಿಯಾರೆ ಕೇಳಬೇಕಾದರೆ ವಿಜಯಪುರದ ಗೋಲ ಗುಮ್ಮಟಕ್ಕೆ ಹೋಗಬೇಕು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹ್‌ರ ಸಮಾಧಿಯದು. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೂ ಆಚೆ ಬದಿಯವರಿಗೆ ಕೇಳಿಸುತ್ತದೆ. ಆದರೂ ಬಂದವರಲ್ಲಿ ಅನೇಕರು ಕಿರುಚುತ್ತಾರೆ! ಕೆಳಗಿರುವುದು ಗೋರಿಗಳೆಂಬುದನ್ನೂ ಮರೆಯುತ್ತಾರೆ.

ಪರ್ವತಗಳು ಪ್ರವಾದಿ ದಾವೂದ್(ಅ)ರೊಂದಿಗೆ ಅಲ್ಲಾಹನ ಸ್ತುತಿಗೆ ದನಿಗೂಡಿಸಿದ ವಿಷಯ ಪವಿತ್ರ ಕುರ್‌ಆನಿನ ಸೂರಃ ಸಬಾದಲ್ಲಿದೆ. ಧ್ವನಿಯನ್ನು ತಗ್ಗಿಸುವಂತೆ ಲುಕ್ಮಾನ್(ಅ) ತಮ್ಮ ಮಗನಿಗೆ ಮಾಡಿದ ಉಪದೇಶ ಸೂರಃ ಲುಕ್ಮಾನ್‌ನಲ್ಲಿದೆ. ಒಳ್ಳೆಯ ಮಾತು ಮಾರ್ದನಿಸಲಿ, ಅದಕ್ಕೆ ಅಬ್ಬರ ಬೇಕಿಲ್ಲ ಎಂಬ ಪಾಠ ಇವೆರಡರಲ್ಲೂ ನಮಗಿದೆ.

ಸಹೋದರಿಯರೇ, ಈ ಪದಕ್ಕೆ ಇನ್ನೊಂದು ಬಳಕೆಯೂ ಇದೆ. ‘ಹರ್ ವರ್ಡ್ಸ್ ರಿವರ್ಬರೇಟೆಡ್ ಇನ್ ಮೈ ಮೈಂಡ್’, ಅಂದರೆ ಅವಳ ಮಾತುಗಳು ನನ್ನ ಮನದಲ್ಲಿ ಮತ್ತೆ ಮತ್ತೆ ಮೊಳಗಿದವು. ಕಡಿಮೆ ಅಂಕ ತಂದ ಮಗಳಿಗೆ ‘ನಿನ್ನಿಂದ ಏನೂ ಆಗದು’ ಎಂದು ಸಿಟ್ಟಿನಲ್ಲಿ ಅಂದುಬಿಡುತ್ತೇವೆ. ಮನೆಗೆ ಬಂದ ಸೊಸೆಗೆ ತವರಿನ ಬಗ್ಗೆ ಚುಚ್ಚಿ ಮಾತನಾಡುತ್ತೇವೆ. ನಾವು ಸಂಜೆಯೊಳಗೆ ಮರೆಯುತ್ತೇವೆ, ಅವರು ವರ್ಷಗಟ್ಟಲೆ ಅದನ್ನೇ ಕೇಳುತ್ತಿರುತ್ತಾರೆ. ಮನಸ್ಸಿನ ಗೋಡೆಗೆ ಪರದೆ ಕಟ್ಟಲಾಗದು. ‘ಪರವಾಗಿಲ್ಲ ಮಗಳೇ, ಮತ್ತೆ ಪ್ರಯತ್ನಿಸು’ ಎಂಬ ಮಾತೂ ಅಲ್ಲಿ ಅಷ್ಟೇ ಕಾಲ ಮೊಳಗುತ್ತದೆ.

ಅಭ್ಯಾಸಕ್ಕಾಗಿ: ನಿಮ್ಮ ಮನದಲ್ಲಿ ಇಂದಿಗೂ ಉಳಿದಿರುವ ಒಂದು ಒಳ್ಳೆಯ ಮಾತನ್ನು ನೆನೆದು, ಈ ಪದ ಬಳಸಿ ಒಂದು ವಾಕ್ಯ ಬರೆಯಿರಿ. ಬಳಿಕ ಆ ಮಾತನ್ನು ಮನೆಯಲ್ಲಿ ಯಾರಿಗಾದರೂ ಹೇಳಿ.